ನ್ಯೂಟ್ರೋಫಿಲ್ ಎಲಾಸ್ಟೇಸ್: ಕೀವಿನಿಂದ ಶ್ವಾಸಕೋಶದವರೆಗೆ, ಪದೇ ಪದೇ ಕೇಳುವ ಪ್ರಶ್ನೆಗಳು

ನ್ಯೂಟ್ರೋಫಿಲ್ ಎಲಾಸ್ಟೇಸ್ ಅಂದರೆ ಏನು?

ಪ್ರೋಟೀನನ್ನು ತುಂಡು ಮಾಡುವ ಕಿಣ್ವಗಳಿಗೆ ಪ್ರೋಟಿಯೇಸ್ ಎಂದು ಹೆಸರು. ನಮ್ಮ ಮೈಯಲ್ಲಿ ಇಂಥವು ನೂರಾರು ಇವೆ. ಊಟ ಜೀರ್ಣ ಮಾಡುವವು ಕೆಲವು, ರಕ್ತ ಹೆಪ್ಪುಗಟ್ಟಿಸುವವು ಕೆಲವು. ನ್ಯೂಟ್ರೋಫಿಲ್ ಎಲಾಸ್ಟೇಸ್ ಸೈನ್ಯದ ಕಡೆಯದ್ದು. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣದ ಹೊಟ್ಟೆಯೊಳಗೆ, ಪುಟ್ಟ ಚೀಲಗಳಲ್ಲಿ ತುಂಬಿಕೊಂಡು ಕೂತಿರುತ್ತದೆ.

ದೊಡ್ಡವರ ರಕ್ತದಲ್ಲಿ 100 ಬಿಳಿ ಕಣಗಳಿದ್ದರೆ ಅದರಲ್ಲಿ 50ರಿಂದ 70 ನ್ಯೂಟ್ರೋಫಿಲ್‌ಗಳೇ. ಮೂಳೆಯ ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್‌ಗಳನ್ನು ತಯಾರಿಸುತ್ತದೆ. ಅವು ರಕ್ತದಲ್ಲಿ ಓಡಾಡುವುದು ಹೆಚ್ಚೂ ಕಡಿಮೆ ಒಂದು ದಿನ, ಆಮೇಲೆ ಮುಗಿಯಿತು. ಹಾಗಾಗಿ ಈ ಕಿಣ್ವ ನಮ್ಮೊಳಗೆ ಯಾವಾಗಲೂ ಇದ್ದೇ ಇರುತ್ತದೆ, ಅದೂ ಸಿಕ್ಕಾಪಟ್ಟೆ. ನಾವು ಪೂರ್ತಿ ಆರೋಗ್ಯವಾಗಿದ್ದಾಗಲೂ ಅಷ್ಟೇ.

ಆ ಹೆಸರು ಯಾಕೆ ಬಂತು?

ಎಲಾಸ್ಟಿನ್ ಎಂಬ ಪ್ರೋಟೀನನ್ನು ಕತ್ತರಿಸುವುದರಿಂದ. ಎಲಾಸ್ಟಿನ್ ಅಂದರೆ ರಬ್ಬರ್ ಬ್ಯಾಂಡ್ ಇದ್ದ ಹಾಗೆ. ಚರ್ಮ ಎಳೆದರೆ ವಾಪಸ್ ಬರುವುದು, ಉಸಿರು ಬಿಟ್ಟಾಗ ಶ್ವಾಸಕೋಶ ತಾನಾಗಿ ಕುಗ್ಗುವುದು ಇದರಿಂದಲೇ. ಆದರೆ ಈ ಕಿಣ್ವ ಎಲಾಸ್ಟಿನ್ ಒಂದನ್ನೇ ಹುಡುಕಿಕೊಂಡು ಹೋಗುತ್ತದೆ ಅಂದುಕೊಳ್ಳಬೇಡಿ. ಕೊಲ್ಲಾಜೆನ್, ಬ್ಯಾಕ್ಟೀರಿಯಾದ ಹೊದಿಕೆ, ಆಂಟಿಬಾಡಿ, ಸಂದೇಶ ಒಯ್ಯುವ ಪ್ರೋಟೀನು, ಹೀಗೆ ಸಿಕ್ಕಿದ್ದಕ್ಕೆಲ್ಲ ಕೈ ಹಾಕುತ್ತದೆ. ಪ್ರೋಟೀನನ್ನು ಕಟ್ಟಿರುವ ಇಟ್ಟಿಗೆಗಳಿಗೆ ಅಮೈನೋ ಆಮ್ಲ ಎಂದು ಹೆಸರು; ವ್ಯಾಲೀನ್, ಅಲನೀನ್‌ನಂಥ ಚಿಕ್ಕ ಅಮೈನೋ ಆಮ್ಲ ಸಿಕ್ಕಿದ ಕಡೆ ಕಚಕ್ ಎಂದು ಕತ್ತರಿಸುತ್ತದೆ. ಇಂಥ ಜಾಗಗಳು ಬಹುತೇಕ ಎಲ್ಲ ಪ್ರೋಟೀನುಗಳಲ್ಲೂ ಇರುತ್ತವೆ. ತೊಂದರೆ ಶುರುವಾಗುವುದೇ ಅಲ್ಲಿ.

ಬೆರಳಿಗೆ ಮುಳ್ಳು ಚುಚ್ಚಿದಾಗ ಇದು ಏನು ಮಾಡುತ್ತದೆ?

ಮುಳ್ಳಿನ ಜೊತೆ ಬ್ಯಾಕ್ಟೀರಿಯಾನೂ ಒಳಗೆ ಹೋದವು ಅಂದುಕೊಳ್ಳಿ. ಅಲ್ಲಿರುವ ಜೀವಕೋಶಗಳು ಕೂಗು ಹಾಕುತ್ತವೆ, ಅಂದರೆ ರಾಸಾಯನಿಕ ಸಂದೇಶ ಬಿಡುತ್ತವೆ. ಹತ್ತಿರದ ರಕ್ತನಾಳ ಹಿಗ್ಗುತ್ತದೆ, ಅದರ ಗೋಡೆ ಸ್ವಲ್ಪ ಸಡಿಲವಾಗುತ್ತದೆ. ಬೆರಳು ಕೆಂಪಗಾಗಿ, ಬಿಸಿಯಾಗಿ, ಬಾತುಕೊಳ್ಳುವುದು ಆಗಲೇ. ರಕ್ತದಲ್ಲಿ ಹರಿದು ಹೋಗುತ್ತಿದ್ದ ನ್ಯೂಟ್ರೋಫಿಲ್‌ಗಳು ಆ ಜಾಗದಲ್ಲಿ ಗೋಡೆಗೆ ಅಂಟಿಕೊಂಡು, ಸಂದಿಯಲ್ಲಿ ನುಸುಳಿ ಹೊರಗೆ ಬರುತ್ತವೆ. ಕೆಲವೇ ಗಂಟೆಗಳಲ್ಲಿ ಸಾವಿರಗಟ್ಟಲೆ ಬಂದು ಸೇರುತ್ತವೆ.

ಬಂದವು ಮೊದಲು ಬ್ಯಾಕ್ಟೀರಿಯಾವನ್ನು ನುಂಗುತ್ತವೆ. ನುಂಗಿದ್ದು ಒಂದು ಗುಳ್ಳೆಯೊಳಗೆ ಸಿಕ್ಕಿಕೊಳ್ಳುತ್ತದೆ. ಎಲಾಸ್ಟೇಸ್ ತುಂಬಿದ ಚೀಲಗಳು ಆ ಗುಳ್ಳೆಗೆ ಹೋಗಿ ಸೇರಿಕೊಂಡು, ತಮ್ಮಲ್ಲಿದ್ದದ್ದನ್ನು ಅದರೊಳಗೆ ಸುರಿಯುತ್ತವೆ. ಕೊಲ್ಲುವ ಕೆಲಸ ಮುಚ್ಚಿದ ಕೋಣೆಯಲ್ಲಿ ನಡೆಯಿತು, ಹೊರಗಿನವರಿಗೆ ತೊಂದರೆ ಇಲ್ಲ. ಎಲ್ಲ ಸರಿಯಾಗಿ ನಡೆದರೆ ಕಥೆ ಇಷ್ಟೇ.

ಆದರೆ ಎಲ್ಲ ಅಷ್ಟು ಅಚ್ಚುಕಟ್ಟಾಗಿ ನಡೆಯುವುದಿಲ್ಲ. ಗುಳ್ಳೆಯ ಬಾಯಿ ಮುಚ್ಚುವ ಮೊದಲೇ ಸ್ವಲ್ಪ ಹೊರಗೆ ಚೆಲ್ಲುತ್ತದೆ. ಮುಳ್ಳನ್ನು ನುಂಗಲು ಆಗುವುದಿಲ್ಲ, ಅದು ದೊಡ್ಡದು. ಆಗ ನ್ಯೂಟ್ರೋಫಿಲ್ ಹೊರಗಡೆಗೇ ಸುರಿಯುತ್ತದೆ. ಎಷ್ಟೋ ನ್ಯೂಟ್ರೋಫಿಲ್‌ಗಳು ಅಲ್ಲೇ ಸತ್ತು ಒಡೆಯುತ್ತವೆ. ಹೊರಬಿದ್ದ ಎಲಾಸ್ಟೇಸ್ ಸುತ್ತಲಿನ ಅಂಗಾಂಶವನ್ನು ಕರಗಿಸುತ್ತದೆ. ಎರಡು ದಿನ ಬಿಟ್ಟು ಬೆರಳು ಜುಮುಜುಮು ಎಂದು ನೋಯುತ್ತಾ, ತುದಿಯಲ್ಲಿ ಹಳದಿ ಕೀವು ಕಾಣಿಸುತ್ತದಲ್ವಾ? ಅದು ಸತ್ತ ನ್ಯೂಟ್ರೋಫಿಲ್, ಸತ್ತ ಬ್ಯಾಕ್ಟೀರಿಯಾ, ಕರಗಿದ ಅಂಗಾಂಶ ಎಲ್ಲ ಸೇರಿದ ಗಂಜಿ. ಗಟ್ಟಿಯಾಗಿದ್ದ ಮಾಂಸ ಅಲ್ಲಿ ನೀರಾಗಲು ಎಲಾಸ್ಟೇಸ್ ಮತ್ತು ಅದರ ಜೊತೆಗಾರ ಕಿಣ್ವಗಳೇ ಕಾರಣ. ಒಂದು ರೀತಿಯಲ್ಲಿ ಅದರಿಂದ ಉಪಕಾರವೂ ಇದೆ. ಮುಳ್ಳಿನ ಸುತ್ತ ಕರಗಿ ಮೆತ್ತಗಾದ್ದರಿಂದಲೇ ಅದು ಕೀವಿನ ಜೊತೆ ಜಾರಿ ಹೊರಗೆ ಬರುತ್ತದೆ.

ಇದು ನಿಜವಾಗಿಯೂ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದಾ? ಅಥವಾ ಸುಮ್ನೆ ಕಸ ಗುಡಿಸುತ್ತದಾ?

ಬಹಳ ದಿನ ಕಸ ಗುಡಿಸುವುದು ಎಂದೇ ತುಂಬಾ ಜನ ನಂಬಿದ್ದರು. 1998ರಲ್ಲಿ ಈ ಕಿಣ್ವದ ಜೀನ್ ತೆಗೆದುಹಾಕಿದ ಇಲಿಗಳ ಮೇಲೆ ನಡೆದ ಪ್ರಯೋಗ ಆ ನಂಬಿಕೆಯನ್ನು ಅಲುಗಾಡಿಸಿತು. ಆ ಇಲಿಗಳು ಕ್ಲೆಬ್ಸಿಯೆಲ್ಲಾ ಮತ್ತು ಈ. ಕೋಲೈ ಸೋಂಕಿಗೆ ಮಾಮೂಲಿ ಇಲಿಗಳಿಗಿಂತ ಬೇಗ ಬಲಿಯಾದವು. ಸ್ಟೆಫಿಲೋಕಾಕಸ್ ಆರಿಯಸ್ ವಿಷಯದಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಇದು ಎಲ್ಲ ಬ್ಯಾಕ್ಟೀರಿಯಾಕ್ಕೂ ಒಂದೇ ಮದ್ದಲ್ಲ. ಎರಡು ವರ್ಷದ ನಂತರ ಕಾರಣವೂ ಸಿಕ್ಕಿತು: ಈ. ಕೋಲೈನ ಹೊರಪೊರೆಯಲ್ಲಿರುವ ಓಂಪ್-ಎ ಎಂಬ ಪ್ರೋಟೀನನ್ನು ಎಲಾಸ್ಟೇಸ್ ಕತ್ತರಿಸುತ್ತದೆ. ಗೋಡೆಯ ಆಧಾರವೇ ಕುಸಿದ ಮೇಲೆ ಬ್ಯಾಕ್ಟೀರಿಯಾ ಉಳಿಯುವುದಾದರೂ ಹೇಗೆ?

ಭೇದಿ ತರುವ ಶಿಗೆಲ್ಲಾ ವಿಷಯ ಇನ್ನೂ ಸ್ವಾರಸ್ಯದ್ದು. ಅದು ಜೀವಕೋಶಗಳ ಒಳಗೆ ನುಗ್ಗಲು ಬಳಸುವ ಪ್ರೋಟೀನುಗಳನ್ನು ಎಲಾಸ್ಟೇಸ್ ತುಂಡು ಮಾಡುತ್ತದೆ. ಬ್ಯಾಕ್ಟೀರಿಯಾ ಸಾಯುವ ಮೊದಲೇ ಅದರ ಆಯುಧ ಕಿತ್ತುಕೊಂಡ ಹಾಗೆ.

ನ್ಯೂಟ್ರೋಫಿಲ್ ಬಲೆ ಬೀಸುತ್ತದೆ ಎನ್ನುತ್ತಾರೆ. ಅದರಲ್ಲಿ ಇದರ ಪಾತ್ರ ಏನು?

2004ರಲ್ಲಿ ಬರ್ಲಿನ್‌ನ ಮ್ಯಾಕ್ಸ್ ಪ್ಲಾಂಕ್ ಸೋಂಕು ಜೀವಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು ಇದನ್ನು ಜಗತ್ತಿಗೆ ತೋರಿಸಿದರು. ನ್ಯೂಟ್ರೋಫಿಲ್ ತನ್ನದೇ ಡಿಎನ್‌ಎಯನ್ನು ಬಿಚ್ಚಿ ಹೊರಗೆ ಎಸೆಯುತ್ತದೆ. ಆ ಎಳೆಗಳ ಮೇಲೆ ಎಲಾಸ್ಟೇಸ್ ಮತ್ತು ಇತರ ವಿಷಗಳು ಅಂಟಿಕೊಂಡಿರುತ್ತವೆ. ಬ್ಯಾಕ್ಟೀರಿಯಾ ಅದರಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ, ಜೇಡರ ಬಲೆಯಲ್ಲಿ ನೊಣ ಸಿಕ್ಕಿದ ಹಾಗೆ. ಇದನ್ನು ನೆಟ್ ಎಂದೇ ಕರೆಯುತ್ತಾರೆ.

ಎಲಾಸ್ಟೇಸ್ ಬಲೆಗೆ ಅಂಟಿಕೊಂಡ ವಿಷವಷ್ಟೇ ಅಲ್ಲ, ಬಲೆ ನೇಯಲೂ ಅದೇ ಬೇಕು. ಡಿಎನ್‌ಎ ಸಾಮಾನ್ಯವಾಗಿ ಹಿಸ್ಟೋನ್ ಎಂಬ ಉಂಡೆಗಳಿಗೆ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಚೀಲದಿಂದ ಬಿಡಿಸಿಕೊಂಡ ಎಲಾಸ್ಟೇಸ್ ಜೀವಕೋಶದ ಕೇಂದ್ರಕ್ಕೆ ಹೋಗಿ ಹಿಸ್ಟೋನನ್ನು ಕತ್ತರಿಸುತ್ತದೆ. ಸುತ್ತಿದ್ದ ದಾರ ಸಡಿಲವಾಗುತ್ತದೆ. ಈ ಬಲೆ ಬೇಡದ ಕಡೆ ಬಿಚ್ಚಿಕೊಂಡರೆ ರಕ್ತನಾಳದೊಳಗೆ ಹೆಪ್ಪುಗಟ್ಟುವುದಕ್ಕೂ ದಾರಿಯಾಗುತ್ತದೆ. ಹೆಪ್ಪುಗಟ್ಟುವುದನ್ನು ತಡೆಯುವ ಒಂದು ಪ್ರೋಟೀನನ್ನೂ ಎಲಾಸ್ಟೇಸ್ ಕತ್ತರಿಸಿಹಾಕುತ್ತದೆ.

ಉರಿಯೂತ ಜಾಸ್ತಿ ಮಾಡುವುದೂ ಇದೇನಾ?

ಹೌದು, ಒಮ್ಮೊಮ್ಮೆ ಕಡಿಮೆ ಮಾಡುವುದೂ ಇದೇ. ಸೋಂಕು ಇರುವಲ್ಲಿ ಜೀವಕೋಶಗಳು ಸಂದೇಶಗಳ ಮೂಲಕ ಮಾತಾಡಿಕೊಳ್ಳುತ್ತವೆ ಎಂದು ಹೇಳಿದೆನಲ್ಲ, ಆ ಸಂದೇಶಗಳೂ ಪ್ರೋಟೀನುಗಳೇ. ಕೆಲವನ್ನು ಎಲಾಸ್ಟೇಸ್ ಕತ್ತರಿಸಿದರೆ ಅವು ಚುರುಕಾಗುತ್ತವೆ. ಐಎಲ್ (ಇಂಟರ್‌ಲ್ಯೂಕಿನ್) ಎಂಬ ಸಂದೇಶಗಳಲ್ಲಿ ಐಎಲ್-33, ಐಎಲ್-36 ಗುಂಪಿನವು ಹೀಗೆ. ತುದಿಯ ತುಂಡು ಹಾರಿಹೋದ ಮೇಲೆ ಅವುಗಳ ದನಿ ಎಷ್ಟೋ ಪಟ್ಟು ಜೋರಾಗುತ್ತದೆ. ಇನ್ನು ಕೆಲವನ್ನು ಪೂರ್ತಿ ಚೂರು ಮಾಡಿ ಬಾಯಿ ಮುಚ್ಚಿಸುತ್ತದೆ.

ಉಸಿರಾಟದ ಕೊಳವೆಗಳಲ್ಲಿ ಆಗುವುದೇ ನನಗೆ ಎಲ್ಲಕ್ಕಿಂತ ಕಳವಳದ ವಿಷಯ. ಅಲ್ಲಿನ ಒಳಪದರದ ಮೇಲೆ ಎಲಾಸ್ಟೇಸ್ ಬಿದ್ದರೆ ಆ ಜೀವಕೋಶಗಳು ಐಎಲ್-8 ಬಿಡುತ್ತವೆ. ಐಎಲ್-8 ಇನ್ನಷ್ಟು ನ್ಯೂಟ್ರೋಫಿಲ್‌ಗಳನ್ನು ಕರೆಯುತ್ತದೆ. ಅವು ಇನ್ನಷ್ಟು ಎಲಾಸ್ಟೇಸ್ ತರುತ್ತವೆ. ಅದೇ ಹೊತ್ತಿಗೆ ಲೋಳೆ ಜಾಸ್ತಿ ಸುರಿಯುತ್ತದೆ, ಅದನ್ನು ಮೇಲಕ್ಕೆ ತಳ್ಳುವ ಪುಟ್ಟ ಕೂದಲುಗಳ ಬೀಸು ನಿಧಾನವಾಗುತ್ತದೆ. ಇದು ಸಾಲದು ಎಂಬಂತೆ, ಬ್ಯಾಕ್ಟೀರಿಯಾವನ್ನು ಗುರುತಿಸಲು ಬೇಕಾದ ಆಂಟಿಬಾಡಿಗಳನ್ನೂ, ನ್ಯೂಟ್ರೋಫಿಲ್ ಮೈಮೇಲಿನ ಗ್ರಾಹಕಗಳನ್ನೂ (ಹೊರಗಿನ ಸುಳಿವು ಹಿಡಿಯುವ ಪ್ರೋಟೀನುಗಳು) ಎಲಾಸ್ಟೇಸ್ ಕತ್ತರಿಸುತ್ತದೆ. ಕಾವಲುಗಾರನ ಕತ್ತಿ ಅವನ ಕಣ್ಣನ್ನೇ ಕಿತ್ತ ಹಾಗೆ. ಸುತ್ತಲೂ ಲಕ್ಷಗಟ್ಟಲೆ ನ್ಯೂಟ್ರೋಫಿಲ್‌ಗಳಿದ್ದರೂ ಬ್ಯಾಕ್ಟೀರಿಯಾ ಮಾತ್ರ ಆರಾಮಾಗಿ ಬೆಳೆಯುತ್ತವೆ.

ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟು ಕಾಯಿಲೆಯಲ್ಲೂ, ಕೊಳವೆಗಳು ಹಿಗ್ಗಿ ಹಾಳಾಗುವ ಬ್ರಾಂಕಿಯೆಕ್ಟಾಸಿಸ್‌ನಲ್ಲೂ ನಡೆಯುವುದು ಇದೇ ಸುತ್ತು. ಸಿಸ್ಟಿಕ್ ಫೈಬ್ರೋಸಿಸ್ ಇರುವ ಮೂರು ತಿಂಗಳ ಮಕ್ಕಳ ಶ್ವಾಸಕೋಶದಲ್ಲೇ ಈ ಕಿಣ್ವ ಸಿಕ್ಕಿದೆ. ಹಾಗೆ ಸಿಕ್ಕ ಮಕ್ಕಳಿಗೆ ಮುಂದೆ ಕೊಳವೆ ಹಾಳಾಗುವ ಸಾಧ್ಯತೆ ಜಾಸ್ತಿ.

ಇಷ್ಟೊಂದು ಕತ್ತರಿಸುವ ಕಿಣ್ವ ಆ ನ್ಯೂಟ್ರೋಫಿಲನ್ನೇ ಯಾಕೆ ತಿಂದುಹಾಕುವುದಿಲ್ಲ?

ಚೀಲದೊಳಗೆ ಅದನ್ನು ಒರೆಯಲ್ಲಿಟ್ಟ ಕತ್ತಿಯ ಹಾಗೆ ಇಟ್ಟಿರುತ್ತದೆ. ಒಳಗೆ ಹುಳಿ ವಾತಾವರಣ, ಈ ಕಿಣ್ವಕ್ಕೆ ಹುಳಿ ಅಷ್ಟಾಗಿ ಒಗ್ಗುವುದಿಲ್ಲ. ಜೊತೆಗೆ ಸಕ್ಕರೆ ಸರಪಳಿ ಇರುವ ಒಂದು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಹೊರಗೆ ಬಂದ ಕೂಡಲೇ ಎರಡೂ ಕಟ್ಟು ಸಡಿಲ.

ಹೊರಗೆ ಬಂದ ಮೇಲೆ ಅದನ್ನು ಹಿಡಿಯುವವರು ಯಾರು?

ಮುಖ್ಯವಾಗಿ ಆಲ್ಫಾ-1 ಆಂಟಿಟ್ರಿಪ್ಸಿನ್. ಹೆಸರಿನಲ್ಲಿ ಟ್ರಿಪ್ಸಿನ್ ಇದೆ, ಯಾಕೆಂದರೆ ಮೊದಲು ಪರೀಕ್ಷೆ ಮಾಡಿದ್ದು ಟ್ರಿಪ್ಸಿನ್ ಎಂಬ ಜೀರ್ಣಕಿಣ್ವದ ಮೇಲೆ. ಅದರ ಅಸಲಿ ಗುರಿ ನ್ಯೂಟ್ರೋಫಿಲ್ ಎಲಾಸ್ಟೇಸ್. ತಪ್ಪು ಹೆಸರು ಒಮ್ಮೆ ಅಂಟಿಕೊಂಡರೆ ಬಿಡುವುದಿಲ್ಲ ನೋಡಿ. ಲಿವರ್ ಇದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಒಂದು ಲೀಟರ್ ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ನೀರಿನ ಭಾಗದಲ್ಲಿ, ಸುಮಾರು 1ರಿಂದ 2 ಗ್ರಾಂ ಇರುತ್ತದೆ. ಜ್ವರ, ಸೋಂಕು ಬಂದಾಗ ಎರಡು ಮೂರು ಪಟ್ಟು ಏರುತ್ತದೆ.

ಇದು ಕೆಲಸ ಮಾಡುವ ರೀತಿ ನೋಡಲು ಚಂದ. ಇಲಿ ಬೋನನ್ನು ನೆನಪಿಸಿಕೊಳ್ಳಿ. ಆಲ್ಫಾ-1ನ ಮೈಯಿಂದ ಒಂದು ಕುಣಿಕೆ ಹೊರಗೆ ಚಾಚಿರುತ್ತದೆ. ಅದೇ ಎರೆ. ಅದರಲ್ಲಿ 358ನೇ ಜಾಗದಲ್ಲಿ ಮೆಥಿಯೋನಿನ್ ಎಂಬ ಅಮೈನೋ ಆಮ್ಲ ಇದೆ. ಎಲಾಸ್ಟೇಸ್ ಅಲ್ಲಿ ಬಾಯಿ ಹಾಕಿ ಕತ್ತರಿಸುತ್ತದೆ. ಕತ್ತರಿಸಿದ ಕ್ಷಣದಲ್ಲೇ ಕುಣಿಕೆ ಸ್ಪ್ರಿಂಗಿನಂತೆ ಒಳಗೆ ಮಡಚಿಕೊಳ್ಳುತ್ತದೆ. ಅದಕ್ಕೆ ಅಂಟಿಕೊಂಡಿದ್ದ ಎಲಾಸ್ಟೇಸನ್ನು ಈ ತುದಿಯಿಂದ ಆ ತುದಿಗೆ ಎಳೆದು ಬಡಿದು ಅದರ ಆಕಾರವನ್ನೇ ಕೆಡಿಸುತ್ತದೆ. ಕಿಣ್ವ ಸತ್ತಿತು, ಬೋನೂ ಸತ್ತಿತು. ಒಂದು ಬೋನಿಗೆ ಒಂದೇ ಇಲಿ.

ಆ ಒಂದು ಜಾಗ ಎಷ್ಟು ಮುಖ್ಯ ಎನ್ನುವುದಕ್ಕೆ ಒಬ್ಬ ಹುಡುಗನ ಪ್ರಕರಣ ವೈದ್ಯಲೋಕದಲ್ಲಿ ಪ್ರಸಿದ್ಧ. ಅವನಲ್ಲಿ 358ನೇ ಮೆಥಿಯೋನಿನ್ ಬದಲು ಆರ್ಜಿನೀನ್ ಇತ್ತು. ಎರೆ ಬದಲಾದ್ದರಿಂದ ಬೋನಿಗೆ ಬೀಳುವ ಇಲಿಯೂ ಬದಲಾಯಿತು. ಎಲಾಸ್ಟೇಸ್ ಬದಲು ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಸಿಕ್ಕಿಬೀಳತೊಡಗಿತು. ಅವನು ರಕ್ತಸ್ರಾವದಿಂದ ತೀರಿಕೊಂಡ. 1983ರಲ್ಲಿ ಇದರ ಕಾರಣ ಪ್ರಕಟವಾಯಿತು. ಈ ರೂಪಕ್ಕೆ ಪಿಟ್ಸ್‌ಬರ್ಗ್ ಎಂದೇ ಹೆಸರು.

ಆಲ್ಫಾ-1 ಒಂದೇ ಅಲ್ಲ. ಎಸ್‌ಎಲ್‌ಪಿಐ, ಎಲಾಫಿನ್ ಎಂಬ ಚಿಕ್ಕ ತಡೆಗಳು ಉಸಿರಾಟದ ಕೊಳವೆಯ ಗೋಡೆಯಲ್ಲೇ ತಯಾರಾಗುತ್ತವೆ.

ಈ ಆಲ್ಫಾ-1 ಹುಟ್ಟಿನಿಂದಲೇ ಕಡಿಮೆ ಇದ್ದರೆ?

1963ಕ್ಕೆ ಹೋಗೋಣ. ಸ್ವೀಡನ್ನಿನ ಮಾಲ್ಮೋದಲ್ಲಿ ಕಾರ್ಲ್-ಬರ್ಟಿಲ್ ಲಾರೆಲ್ ಎಂಬವರು ರಕ್ತದ ಪ್ರೋಟೀನುಗಳನ್ನು ಕಾಗದದ ಪಟ್ಟಿಯ ಮೇಲೆ ಕರೆಂಟ್ ಹಾಯಿಸಿ ಬೇರ್ಪಡಿಸಿ ನೋಡುತ್ತಿದ್ದರು. ಪಟ್ಟಿಯ ಮೇಲೆ ಒಂದೊಂದು ಪ್ರೋಟೀನ್ ಗುಂಪೂ ಒಂದೊಂದು ಕಲೆಯಾಗಿ ಕಾಣುತ್ತದೆ. ಸುಮಾರು 1,500 ಪಟ್ಟಿಗಳಲ್ಲಿ ಐದರಲ್ಲಿ ಆಲ್ಫಾ-1 ಕಲೆ ಇರಬೇಕಾದ ಜಾಗ ಖಾಲಿ. ಬೇರೆಯವರಾಗಿದ್ದರೆ ಪಟ್ಟಿ ಕೆಟ್ಟಿದೆ ಎಂದು ಎಸೆಯುತ್ತಿದ್ದರೇನೋ. ಲಾರೆಲ್ ಮತ್ತು ಯುವ ವೈದ್ಯ ಸ್ಟೆನ್ ಎರಿಕ್ಸನ್ ಆ ರೋಗಿಗಳು ಯಾರು ಎಂದು ಹುಡುಕಿಕೊಂಡು ಹೋದರು. ಐವರಲ್ಲಿ ಮೂವರಿಗೆ ಎಂಫಿಸೀಮಾ ಇತ್ತು.

ಎಂಫಿಸೀಮಾ ಅಂದರೆ ಶ್ವಾಸಕೋಶದ ಗಾಳಿಚೀಲಗಳ ನಡುವಿನ ಗೋಡೆಗಳು ಕರಗಿ, ಪುಟ್ಟ ಪುಟ್ಟ ಕೋಣೆಗಳು ಒಡೆದು ದೊಡ್ಡ ಹಜಾರಗಳಾಗುವುದು. ಜಾಗ ಇದೆ, ಗಾಳಿ ಇದೆ, ಆದರೆ ಆಮ್ಲಜನಕ ರಕ್ತಕ್ಕೆ ದಾಟುವ ಗೋಡೆ ಇಲ್ಲ. ರಬ್ಬರಿನ ಗುಣ ಹೋದ ಹಳೇ ಬಲೂನಿನಂತೆ ಶ್ವಾಸಕೋಶ ಉಬ್ಬಿಕೊಂಡೇ ಇರುತ್ತದೆ. ಉಸಿರು ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದೇ ಇವರಿಗೆ ಕಷ್ಟ.

ಅದೇ ದಶಕದಲ್ಲಿ ಬೇರೆ ಪ್ರಯೋಗಾಲಯದಲ್ಲಿ ಇಲಿಗಳ ಶ್ವಾಸಕೋಶಕ್ಕೆ ಪಪ್ಪಾಯಿ ಕಾಯಿಯ ಹಾಲಿನಲ್ಲಿರುವ ಪಪೇನ್ ಎಂಬ ಪ್ರೋಟಿಯೇಸ್ ಹಾಕಿ ನೋಡಿದರು. ಎಂಫಿಸೀಮಾ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಚಿತ್ರ ಸ್ಪಷ್ಟವಾಯಿತು: ಕತ್ತರಿಸುವವರು ಜಾಸ್ತಿಯಾದರೂ ಹಾಳು, ತಡೆಯುವವರು ಕಡಿಮೆಯಾದರೂ ಹಾಳು. ಎಲಾಸ್ಟಿನ್ ಬಹುತೇಕ ತಯಾರಾಗುವುದು ಗರ್ಭದಲ್ಲಿ ಮತ್ತು ಬಾಲ್ಯದಲ್ಲಿ. ದೊಡ್ಡವರಾದ ಮೇಲೆ ಕಳೆದುಕೊಂಡದ್ದು ಮತ್ತೆ ಸರಿಯಾಗಿ ಕಟ್ಟಿಕೊಳ್ಳುವುದಿಲ್ಲ.

ಈ ಕೊರತೆಯ ಗಂಭೀರ ರೂಪಕ್ಕೆ ಸಾಮಾನ್ಯ ಕಾರಣ ಜೆಡ್ ಎಂಬ ಜೀನ್ ಬದಲಾವಣೆ. ಆಲ್ಫಾ-1 ತಯಾರಾಗುತ್ತದೆ, ಆದರೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಲಿವರಿನಲ್ಲೇ ಗಂಟುಕಟ್ಟುತ್ತದೆ. ಲಿವರಿಗೆ ತುಂಬಿದ್ದರಿಂದ ತೊಂದರೆ, ಶ್ವಾಸಕೋಶಕ್ಕೆ ಬರದೇ ಇದ್ದುದರಿಂದ ತೊಂದರೆ.

ಕೊರತೆ ಇಲ್ಲದವರಿಗೂ ಸಿಗರೇಟಿನಿಂದ ಎಂಫಿಸೀಮಾ ಬರುತ್ತದಲ್ಲ, ಅದು ಹೇಗೆ?

ಹೊಗೆ ಎರಡು ಕಡೆಯಿಂದ ಹೊಡೆಯುತ್ತದೆ. ನ್ಯೂಟ್ರೋಫಿಲ್‌ಗಳನ್ನು ಶ್ವಾಸಕೋಶಕ್ಕೆ ಕರೆಯುತ್ತದೆ. ಜೊತೆಗೆ ಆಲ್ಫಾ-1ನ ಆ 358ನೇ ಮೆಥಿಯೋನಿನನ್ನು ಆಕ್ಸಿಡೈಸ್ ಮಾಡುತ್ತದೆ, ಅಂದರೆ ಎರೆಗೆ ತುಕ್ಕು ಹಿಡಿಸುತ್ತದೆ. ಬೋನು ಇದೆ, ಇಲಿ ಮಾತ್ರ ಬೀಳುವುದಿಲ್ಲ.

ಎಲಾಸ್ಟೇಸ್ ಒಂದನ್ನೇ ದೂರುವುದು ಸರಿಯಲ್ಲ. ಮ್ಯಾಕ್ರೋಫೇಜ್ ಎಂಬ ಇನ್ನೊಂದು ಬಗೆಯ ನುಂಗುವ ಕಣಗಳು ಬಿಡುವ ಎಂಎಂಪಿ-12 ಎಂಬ ಇನ್ನೊಂದು ಪ್ರೋಟಿಯೇಸ್ ಇಲ್ಲದ ಇಲಿಗಳಿಗೆ ತಿಂಗಳುಗಟ್ಟಲೆ ಹೊಗೆ ಕೊಟ್ಟರೂ ಎಂಫಿಸೀಮಾ ಬರಲಿಲ್ಲ. ನ್ಯೂಟ್ರೋಫಿಲ್ ಎಲಾಸ್ಟೇಸ್ ಇಲ್ಲದ ಇಲಿಗಳಿಗೆ ಬಂತು, ಆದರೆ ಅರ್ಧಕ್ಕಿಂತ ಕಡಿಮೆ. ಇವೆರಡೂ ಒಂದಕ್ಕೊಂದು ದಾರಿ ಮಾಡಿಕೊಡುತ್ತವೆ. ಎಂಎಂಪಿ-12 ಆಲ್ಫಾ-1 ಅನ್ನು ಕತ್ತರಿಸುತ್ತದೆ, ಎಲಾಸ್ಟೇಸ್ ಎಂಎಂಪಿಗಳನ್ನು ತಡೆಯುವ ಪ್ರೋಟೀನನ್ನು ಕತ್ತರಿಸುತ್ತದೆ. ಕಳ್ಳರಿಬ್ಬರು ಪರಸ್ಪರರ ಬೀಗ ಒಡೆದುಕೊಟ್ಟ ಹಾಗೆ.

ರಕ್ತದಲ್ಲಿ ಗ್ರಾಂಗಟ್ಟಲೆ ತಡೆ ಇದ್ದೂ ಎಲಾಸ್ಟೇಸ್ ಹೇಗೆ ಕೆಲಸ ಮಾಡಿಕೊಳ್ಳುತ್ತದೆ?

ಚೀಲದೊಳಗೆ ಅದನ್ನು ವಿಪರೀತ ಒತ್ತಾಗಿ ತುಂಬಿರುತ್ತದೆ. ಒಂದೊಂದು ಚೀಲದಲ್ಲಿ ಹತ್ತಾರು ಸಾವಿರ ಅಣುಗಳು. ಚೀಲ ಒಡೆದಾಗ ಅದರ ಪಕ್ಕದಲ್ಲೇ ಅಷ್ಟು ಬೋನುಗಳು ಇರುವುದಿಲ್ಲ. ದೂರದಿಂದ ಬಂದು ಹಿಡಿಯುವಷ್ಟರಲ್ಲಿ ಕೆಲವು ಮಿಲಿಸೆಕೆಂಡು ಕಳೆದಿರುತ್ತದೆ. ಆ ಹೊತ್ತಿನಲ್ಲಿ, ಸುತ್ತಲಿನ ಒಂದೆರಡು ಮೈಕ್ರೋಮೀಟರ್ ದೂರದೊಳಗೆ, ಎಲಾಸ್ಟೇಸ್ ರಾಜ. ಆಲ್ಫಾ-1 ಸಾಕಷ್ಟು ಇದ್ದರೆ ಆ ರಾಜ್ಯ ಚಿಕ್ಕದು. ಕಡಿಮೆ ಇದ್ದರೆ ರಾಜ್ಯ ದೊಡ್ಡದು, ಆಳ್ವಿಕೆಯೂ ಉದ್ದ. ಸೋಂಕಿನ ವಿರುದ್ಧ ಇಂಥ ಕಿರು ಅವಕಾಶ ಬೇಕೇ ಬೇಕು. ಪೂರ್ತಿ ತಡೆದುಬಿಟ್ಟರೆ ಕಿಣ್ವ ಇದ್ದೂ ಪ್ರಯೋಜನ ಇಲ್ಲ.

ಇನ್ನೊಂದು ಉಪಾಯವೂ ಇದೆ. ಎಲಾಸ್ಟೇಸ್ ನ್ಯೂಟ್ರೋಫಿಲ್‌ನ ಮೈಗೇ ಅಂಟಿಕೊಂಡು ಕೂರಬಲ್ಲದು. ಹಾಗೆ ಕೂತಾಗ ಆಲ್ಫಾ-1ಗೆ ಅದನ್ನು ಹಿಡಿಯುವುದು ಕಷ್ಟ.

ಕಫ ಹಸಿರಾದರೆ ಅದು ಎಲಾಸ್ಟೇಸಾ?

ಅಲ್ಲ. ಹಸಿರು ಬಣ್ಣ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವದ್ದು, ಅದರಲ್ಲಿ ಕಬ್ಬಿಣ ಇದೆ. ಆದರೆ ಅದೂ ಎಲಾಸ್ಟೇಸೂ ಒಂದೇ ಚೀಲದಲ್ಲಿ ಇರುವವು. ಹಾಗಾಗಿ ಕಫ ಹಸಿರಾಗಿದ್ದರೆ ನ್ಯೂಟ್ರೋಫಿಲ್‌ಗಳು ಅಲ್ಲಿ ಚೀಲ ಒಡೆದಿವೆ ಎಂದು ಗೊತ್ತಾಗುತ್ತದೆ. ಬ್ರಾಂಕಿಯೆಕ್ಟಾಸಿಸ್ ಇರುವವರ ಕಫದಲ್ಲಿ ಎಲಾಸ್ಟೇಸ್ ಚಟುವಟಿಕೆ ಜಾಸ್ತಿ ಇದ್ದರೆ ಕಾಯಿಲೆ ಉಲ್ಬಣಿಸುವುದೂ ಜಾಸ್ತಿ. ಆದರೆ ಸಾಮಾನ್ಯ ನೆಗಡಿಯಲ್ಲೂ ಕಫ ಹಸಿರಾಗಬಹುದು. ಬಣ್ಣ ನೋಡಿ ಆಂಟಿಬಯಾಟಿಕ್ ನುಂಗಬೇಡಿ.

ಮಲ ಪರೀಕ್ಷೆಯ ರಿಪೋರ್ಟಿನಲ್ಲಿ ಎಲಾಸ್ಟೇಸ್ ಕಡಿಮೆ ಎಂದಿದೆ. ನನ್ನ ರೋಗನಿರೋಧಕ ಶಕ್ತಿ ಕುಗ್ಗಿದೆಯಾ?

ಗಾಬರಿ ಬೇಡ, ಅದು ಬೇರೆ ಎಲಾಸ್ಟೇಸ್. ಮಲದಲ್ಲಿ ಅಳೆಯುವುದು ಮೇದೋಜೀರಕ ಗ್ರಂಥಿ ಬಿಡುವ, ಊಟ ಜೀರ್ಣಕ್ಕೆ ಬೇಕಾದ ಎಲಾಸ್ಟೇಸ್. ಒಂದು ಗ್ರಾಂ ಮಲಕ್ಕೆ 200 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಆ ಗ್ರಂಥಿಯ ಕೆಲಸ ಕಡಿಮೆಯಾಗಿರಬಹುದು ಎಂದು ವೈದ್ಯರು ಯೋಚಿಸುತ್ತಾರೆ. ಭೇದಿಯಾಗಿ ಮಲ ನೀರಾಗಿದ್ದರೂ ಸಂಖ್ಯೆ ಸುಳ್ಳೇ ಕಡಿಮೆ ತೋರಿಸುತ್ತದೆ. ಕರುಳಿನಲ್ಲಿ ನ್ಯೂಟ್ರೋಫಿಲ್‌ಗಳ ಗಲಾಟೆ ಇದೆಯಾ ಎಂದು ನೋಡಲು ಸಾಮಾನ್ಯವಾಗಿ ಮಾಡುವ ಪರೀಕ್ಷೆ ಕ್ಯಾಲ್‌ಪ್ರೊಟೆಕ್ಟಿನ್.

ಈ ಕಿಣ್ವವೇ ಸರಿ ಇಲ್ಲದೆ ಹುಟ್ಟುವವರು ಇದ್ದಾರಾ?

ಇದ್ದಾರೆ, ಎರಡು ರೀತಿಯಲ್ಲಿ. ಮೊದಲನೆಯದು ವಿಚಿತ್ರ. ಕಿಣ್ವದ ಜೀನ್ ಇಲೇನ್‌ನಲ್ಲಿ ದೋಷ ಇದ್ದರೆ ಕಿಣ್ವ ಕಡಿಮೆಯಾಗುವುದಕ್ಕಿಂತ ದೊಡ್ಡ ತೊಂದರೆ ನ್ಯೂಟ್ರೋಫಿಲ್‌ಗಳೇ ಕಡಿಮೆಯಾಗುವುದು. ಸರಿಯಾಗಿ ಮಡಚಿಕೊಳ್ಳದ ಪ್ರೋಟೀನ್ ಮಜ್ಜೆಯಲ್ಲಿರುವ ಎಳೆಯ ಜೀವಕೋಶವನ್ನು ಬೆಳೆಯುವ ಮೊದಲೇ ಸಾಯಿಸುತ್ತದೆ. ಕೆಲವರಲ್ಲಿ ಸುಮಾರು 21 ದಿನಕ್ಕೊಮ್ಮೆ ನ್ಯೂಟ್ರೋಫಿಲ್ ಸಂಖ್ಯೆ ಬಿದ್ದುಹೋಗುತ್ತದೆ. ಆಗ ಜ್ವರ, ಬಾಯಿಹುಣ್ಣು. ನಂತರ ಮತ್ತೆ ಏರುತ್ತದೆ, ಮತ್ತೆ ಬೀಳುತ್ತದೆ. ಪ್ರತಿ ಮೂರು ವಾರಕ್ಕೆ ಮಗುವಿಗೆ ಬಾಯಿಹುಣ್ಣು ಮತ್ತು ಜ್ವರ ಬರುತ್ತಿದ್ದರೆ ತಾರೀಖು ಬರೆದಿಟ್ಟು ವೈದ್ಯರಿಗೆ ತೋರಿಸಿ. ಆ ಕ್ಯಾಲೆಂಡರೇ ಅರ್ಧ ರೋಗ ಪತ್ತೆ ಮಾಡುತ್ತದೆ. ಮಜ್ಜೆಯಲ್ಲಿ ನ್ಯೂಟ್ರೋಫಿಲ್ ತಯಾರಿಕೆ ಹೆಚ್ಚಿಸುವ ಜಿ-ಸಿಎಸ್‌ಎಫ್ ಇಂಜೆಕ್ಷನ್ ಇದಕ್ಕೆ ಚಿಕಿತ್ಸೆ.

ಎರಡನೆಯದು ಪ್ಯಾಪಿಲಾನ್-ಲೆಫೆವ್ರ್ ಕಾಯಿಲೆ. ಎಲಾಸ್ಟೇಸ್ ಕೆಲಸಕ್ಕೆ ಬರಬೇಕಾದರೆ ಕ್ಯಾಥೆಪ್ಸಿನ್ ಸಿ ಎಂಬ ಇನ್ನೊಂದು ಕಿಣ್ವ ಅದರ ತುದಿಯ ಎರಡು ಅಮೈನೋ ಆಮ್ಲಗಳನ್ನು ಕತ್ತರಿಸಿ ತೆಗೆಯಬೇಕು. ಗ್ರೆನೇಡಿನ ಪಿನ್ ಎಳೆದ ಹಾಗೆ. ಈ ಕಾಯಿಲೆಯಲ್ಲಿ ಕ್ಯಾಥೆಪ್ಸಿನ್ ಸಿ ಇಲ್ಲ, ಹಾಗಾಗಿ ನ್ಯೂಟ್ರೋಫಿಲ್ ಇದ್ದರೂ ಅದರ ಪ್ರೋಟಿಯೇಸ್‌ಗಳು ಹೆಚ್ಚುಕಡಿಮೆ ಇಲ್ಲ. ಅಂಗೈ ಅಂಗಾಲು ದಪ್ಪಗಾಗುತ್ತವೆ, ಒಸಡು ಹಾಳಾಗಿ ಚಿಕ್ಕ ವಯಸ್ಸಿಗೇ ಹಲ್ಲು ಉದುರುತ್ತವೆ. ಆಶ್ಚರ್ಯ ಏನೆಂದರೆ, ಬಹುಪಾಲು ಜನರಿಗೆ ಜೀವಕ್ಕೇ ಕುತ್ತು ತರುವ ಸೋಂಕುಗಳು ಪದೇ ಪದೇ ಬರುವುದಿಲ್ಲ. ಕೆಲವರಿಗೆ ಲಿವರಿನಲ್ಲಿ ಕೀವು ಕಟ್ಟುವುದು ಉಂಟು. ಈ ಕಿಣ್ವವನ್ನು ಔಷಧದಿಂದ ತಗ್ಗಿಸಬಹುದು ಎನ್ನುವ ಧೈರ್ಯ ಬರಲು ಈ ರೋಗಿಗಳೂ ಒಂದು ಕಾರಣ.

ಹಾಗಾದರೆ ಔಷಧ ಇದೆಯಾ?

ಮೊದಲು ಬಂದದ್ದು ಬೋನುಗಳನ್ನೇ ಹೊರಗಿನಿಂದ ತುಂಬಿಸುವ ಚಿಕಿತ್ಸೆ. ದಾನಿಗಳ ಪ್ಲಾಸ್ಮಾದಿಂದ ಆಲ್ಫಾ-1 ಬೇರ್ಪಡಿಸಿ, ಕೊರತೆ ಇರುವವರಿಗೆ ವಾರಕ್ಕೊಮ್ಮೆ ಡ್ರಿಪ್ ಮೂಲಕ ಕೊಡುತ್ತಾರೆ. ದೇಹದ ತೂಕದ ಪ್ರತಿ ಕಿಲೋಗೆ 60 ಮಿಲಿಗ್ರಾಂ ಲೆಕ್ಕ. ಅಮೆರಿಕದಲ್ಲಿ 1987ರಿಂದ ಬಳಕೆಯಲ್ಲಿದೆ. ಸಿಟಿ ಸ್ಕ್ಯಾನಿನಲ್ಲಿ ಶ್ವಾಸಕೋಶ ಕರಗುವ ವೇಗ ಕಡಿಮೆಯಾದದ್ದು ಕಂಡಿದೆ. ಹೋದದ್ದು ವಾಪಸ್ ಬರುವುದಿಲ್ಲ. ಲಿವರಿನ ಗಂಟಿಗೂ ಇದರಿಂದ ಉಪಯೋಗ ಇಲ್ಲ.

ಆಮೇಲೆ ಎಲಾಸ್ಟೇಸನ್ನೇ ನೇರವಾಗಿ ತಡೆಯುವ ಸಿವೆಲೆಸ್ಟಾಟ್ ಬಂತು. ಜಪಾನ್ 2002ರಲ್ಲಿ ಒಪ್ಪಿತು. ಆದರೆ ಶ್ವಾಸಕೋಶಕ್ಕೆ ತೀವ್ರ ಗಾಯವಾಗಿ ವೆಂಟಿಲೇಟರ್‌ನಲ್ಲಿದ್ದವರ ಮೇಲೆ ಹಲವು ದೇಶಗಳಲ್ಲಿ ನಡೆಸಿದ ದೊಡ್ಡ ಪರೀಕ್ಷೆಯಲ್ಲಿ ಸಾವು ಕಡಿಮೆಯಾಗಲಿಲ್ಲ. ಪರೀಕ್ಷೆಯನ್ನು ಮಧ್ಯದಲ್ಲೇ ನಿಲ್ಲಿಸಿದರು. ನನಗನ್ನಿಸುವುದು ಇಷ್ಟು: ಬೆಂಕಿ ಪೂರ್ತಿ ಹತ್ತಿಕೊಂಡ ಮೇಲೆ ಬೆಂಕಿಕಡ್ಡಿ ಕಿತ್ತುಕೊಂಡರೆ ಏನು ಬಂತು?

ಈಗಿನ ದಾರಿ ಬೇರೆ. ಕ್ಯಾಥೆಪ್ಸಿನ್ ಸಿ ಅನ್ನು ತಡೆದು, ಎಲಾಸ್ಟೇಸ್ ಮಜ್ಜೆಯಲ್ಲೇ ಸಪ್ಪೆಯಾಗಿ ತಯಾರಾಗುವಂತೆ ಮಾಡುವುದು. ಬ್ರೆನ್ಸೊಕ್ಯಾಟಿಬ್ ಎಂಬ ಮಾತ್ರೆ ಮಾಡುವುದು ಇದನ್ನೇ. ಸಿಸ್ಟಿಕ್ ಫೈಬ್ರೋಸಿಸ್ ಕಾರಣವಲ್ಲದ ಬ್ರಾಂಕಿಯೆಕ್ಟಾಸಿಸ್‌ಗೆ 2025ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಕಾಯಿಲೆ ಉಲ್ಬಣಿಸುವುದು ಸುಮಾರು ಐದನೇ ಒಂದು ಭಾಗದಷ್ಟು ಕಡಿಮೆಯಾಗಿತ್ತು. ಇದು ಪವಾಡ ಅಲ್ಲ, ಆದರೆ ಈ ಕಾಯಿಲೆಗೆಂದೇ ಒಪ್ಪಿಗೆ ಸಿಕ್ಕ ಮೊದಲ ಔಷಧ. ಇದನ್ನು ತೆಗೆದುಕೊಳ್ಳುವವರ ಚರ್ಮ ಮತ್ತು ಒಸಡಿನ ಮೇಲೆ ವೈದ್ಯರು ಕಣ್ಣಿಡುತ್ತಾರೆ. ಯಾಕೆ ಎಂದು ಮೇಲಿನ ಪ್ರಶ್ನೆ ಓದಿದವರಿಗೆ ಹೊಳೆದಿರಬೇಕು.

ಊತ ಇಳಿಸಲು ಪ್ರೋಟಿಯೇಸ್ ಮಾತ್ರೆಗಳನ್ನೇ ಕೊಡುತ್ತಾರಲ್ಲ? ಉರಿಯೂತ ತರುವುದೂ ಇದೇ, ಇಳಿಸುವುದೂ ಇದೇನಾ?

ಒಳ್ಳೆಯ ಅನುಮಾನ. ಟ್ರಿಪ್ಸಿನ್-ಕೈಮೋಟ್ರಿಪ್ಸಿನ್, ಸೆರಾಶಿಯೋಪೆಪ್ಟಿಡೇಸ್ ಮಾತ್ರೆಗಳು ನ್ಯೂಟ್ರೋಫಿಲ್ ಎಲಾಸ್ಟೇಸ್ ಅಲ್ಲ. ಊತದ ಜಾಗದ ಪ್ರೋಟೀನ್ ಕಸ ಕರಗಿಸುತ್ತವೆ ಎನ್ನುವುದು ಅವುಗಳ ಹಿಂದಿನ ವಾದ. ನುಂಗಿದ ಪ್ರೋಟೀನು ಹೊಟ್ಟೆ ದಾಟಿ, ರಕ್ತಕ್ಕೆ ಹೋಗಿ, ಅಲ್ಲಿರುವ ಆಲ್ಫಾ-1ನಂಥ ತಡೆಗಳನ್ನು ತಪ್ಪಿಸಿಕೊಂಡು ಮೊಣಕಾಲಿಗೆ ತಲುಪಬೇಕು. ಅಷ್ಟು ದಾಟಿ ಎಷ್ಟು ಉಳಿದೀತು? ಸೆರಾಶಿಯೋಪೆಪ್ಟಿಡೇಸ್‌ಗೆ ಪುರಾವೆ ತೆಳು. ಮತ್ತೆ ಪರೀಕ್ಷೆ ಮಾಡಿದಾಗ ಸಕ್ಕರೆ ಗುಳಿಗೆಗಿಂತ ಮೇಲು ಎಂದು ತೋರಿಸಲಾಗದೆ ಜಪಾನಿನಲ್ಲಿ 2011ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ನನ್ನನ್ನು ಕೇಳಿದರೆ, ಚೀಟಿಯಲ್ಲಿ ಇದು ಕಂಡರೆ ಯಾಕೆ ಎಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ.

ವಾಸಿಯಾಗದ ಹುಣ್ಣಿಗೂ ಇದಕ್ಕೂ ಸಂಬಂಧ ಇದೆಯಾ?

ಇದೆ. ತಿಂಗಳುಗಟ್ಟಲೆ ಮಾಯದ ಕಾಲಿನ ಹುಣ್ಣುಗಳ ನೀರಿನಲ್ಲಿ ಎಲಾಸ್ಟೇಸ್ ಜಾಸ್ತಿ ಇರುತ್ತದೆ. ಹೊಸ ಅಂಗಾಂಶ ಕಟ್ಟಲು ಬೇಕಾದ ಫೈಬ್ರೊನೆಕ್ಟಿನ್, ಬೆಳವಣಿಗೆಯ ಪ್ರೋಟೀನುಗಳನ್ನು ಅದು ಕತ್ತರಿಸುತ್ತಲೇ ಇರುತ್ತದೆ. ಒಂದು ಕಡೆ ಗೋಡೆ ಕಟ್ಟುತ್ತಿದ್ದಾರೆ, ಇನ್ನೊಂದು ಕಡೆ ಕೆಡವುತ್ತಿದ್ದಾರೆ. ಹುಣ್ಣನ್ನು ಚೆನ್ನಾಗಿ ತೊಳೆದು ಸತ್ತ ಅಂಗಾಂಶ ತೆಗೆಯಲು ಹೇಳುವುದರ ಹಿಂದೆ ಇದೂ ಒಂದು ಕಾರಣ.

ಪಿಆರ್3 ಎಂದು ರಕ್ತ ಪರೀಕ್ಷೆಯಲ್ಲಿ ಬರೆದಿದ್ದಾರೆ. ಅದೂ ಇದೇನಾ?

ಇದರ ಒಡಹುಟ್ಟು. ಪ್ರೋಟಿನೇಸ್ 3 ಎಂದು ಪೂರ್ತಿ ಹೆಸರು. ಒಂದೇ ಚೀಲದಲ್ಲಿ ಇರುತ್ತದೆ. ಕೆಲವರ ದೇಹ ಪಿಆರ್3 ವಿರುದ್ಧವೇ ಆಂಟಿಬಾಡಿ ತಯಾರಿಸುತ್ತದೆ. ಅದು ನ್ಯೂಟ್ರೋಫಿಲ್‌ಗಳನ್ನು ಕೆರಳಿಸಿ ಸಣ್ಣ ರಕ್ತನಾಳಗಳು, ಮೂಗು, ಶ್ವಾಸಕೋಶ, ಮೂತ್ರಪಿಂಡಗಳಿಗೆ ಹಾನಿ ಮಾಡುತ್ತದೆ. ಈ ಪರೀಕ್ಷೆ ಪಾಸಿಟಿವ್ ಬಂದಿದ್ದು ಮೂಗಿನಲ್ಲಿ ರಕ್ತ, ಕೆಮ್ಮಿನಲ್ಲಿ ರಕ್ತ, ಮೂತ್ರದಲ್ಲಿ ರಕ್ತ ಏನಾದರೂ ಇದ್ದರೆ ತಡ ಮಾಡಬೇಡಿ.

ನಾನು ಆಲ್ಫಾ-1 ಪರೀಕ್ಷೆ ಮಾಡಿಸಬೇಕಾ?

ಸಿಒಪಿಡಿ (ಉಸಿರಿನ ದಾರಿ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಅಥವಾ ಎಂಫಿಸೀಮಾ ಇದೆ ಎಂದು ವೈದ್ಯರು ಹೇಳಿದ್ದರೆ ಜೀವನದಲ್ಲಿ ಒಮ್ಮೆ ಮಾಡಿಸುವುದು ಒಳ್ಳೆಯದು. ಸಿಗರೇಟು ಸೇದದೆ, ನಲವತ್ತರ ಆಸುಪಾಸಿಗೇ ಎಂಫಿಸೀಮಾ ಬಂದಿದ್ದರೆ ಖಂಡಿತ ಮಾಡಿಸಿ. ಕಾರಣ ಗೊತ್ತಾಗದ ಲಿವರ್ ತೊಂದರೆ ಇದ್ದರೂ ಅಷ್ಟೇ. ಒಂದೇ ರಕ್ತದ ಸ್ಯಾಂಪಲ್ ಸಾಕು. ಜ್ವರ ಇದ್ದಾಗ ಮಾಡಿಸಬೇಡಿ, ಆಗ ಆಲ್ಫಾ-1 ತಾತ್ಕಾಲಿಕವಾಗಿ ಏರಿರುತ್ತದೆ, ಅಲ್ಪ ಕೊರತೆ ಮುಚ್ಚಿಹೋಗಬಹುದು. ಕೊರತೆ ಇದೆ ಎಂದು ಬಂದರೆ ಅಣ್ಣ ತಮ್ಮ, ಅಕ್ಕ ತಂಗಿಯರಿಗೂ ಹೇಳಿ ಪರೀಕ್ಷೆ ಮಾಡಿಸಿ. ಅವರಲ್ಲಿ ಯಾರಾದರೂ ಸಿಗರೇಟು ಸೇದುತ್ತಿದ್ದರೆ ಮೊದಲ ಫೋನು ಅವರಿಗೇ ಹೋಗಲಿ.